ಕಾಕಾನ ಅಂಗಡಿಯ ಬ್ಯಾಟರಿ

ರೀಲಿನ ಕಾಲ ಮುಗಿಯುತ್ತ ಬಂದಾಗ ನಾನು ಆಸೆಪಟ್ಟು ಒಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಅದರೊಂದಿಗೆ ತಲೆನೋವನ್ನೂ ಕೊಂಡೆ. ಅದಕ್ಕೆ ಬೇಕಾದ ಕಂಪನಿ ಬ್ಯಾಟರಿ ಹೈದರಾಬಾದಿನಲ್ಲಿ ಮಾತ್ರ ಸಿಗುತ್ತಿತ್ತು. ಹೆಸರಿಲ್ಲದ ಅಗ್ಗದ ಬ್ಯಾಟರಿ ಹುಮನಾಬಾದಿನಲ್ಲಿ, ಬಸ್ ಸ್ಟ್ಯಾಂಡ್ ಎದುರಿನ ಒಂದು ಅಂಗಡಿಯಲ್ಲಿ ಸಿಗುತ್ತಿತ್ತು. ಆ ಅಂಗಡಿ ನಮ್ಮ ಕಾಕಾನದು, ಅಂದರೆ ಅಪ್ಪನ ಸ್ವಂತ ತಮ್ಮನದು. ಕೊಹಿನೂರ ಊರಿನ ನಮ್ಮ ಹೊಲದಲ್ಲಿ ಬಾವಿ ನೀರಿನ ಪಾಳಿಗೆ ಜಗಳವಾಡಿ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

"ಅವನ ಮಾಲ್ ನಮ್ಮ ಮನಿಯಾಗ ಬರಬಾರದು. ಕಂಪನೀದ ಹಾಕು" ಎಂದು ಅಪ್ಪನ ಅಪ್ಪಣೆಯಾಯಿತು. ಬಲ್ಬ್ ಹೋದರೆ ಹಾಕಲು ಬಾರದ ಮನುಷ್ಯ, ಬ್ಯಾಟರಿಯ ವಿಷಯದಲ್ಲಿ ಮಾತ್ರ ಪಂಡಿತ!

ಆಗ ಬಸವಕಲ್ಯಾಣದಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಮದುವೆಯ ಆಯೇರಿಯಲ್ಲಿ, ಅಂದರೆ ಉಡುಗೊರೆ ಕೊಡುವ ಶಾಸ್ತ್ರದಲ್ಲಿ, ಅಣ್ಣ ತಮ್ಮನಿಗೆ ಟೋಪಿ ಇಟ್ಟು ಶಾಲು ಹೊದಿಸಲೇಬೇಕು. ಮಾತು ಬಿಟ್ಟವರಿಗೂ ಅದರಿಂದ ವಿನಾಯಿತಿ ಇಲ್ಲ. ಅವ್ವ ನನ್ನನ್ನು ಪಕ್ಕಕ್ಕೆ ಕರೆದು, "ಆವಾಗ ಇಬ್ರದೂ ಕೂಡಿ ಒಂದ್ ಫೋಟೋ ಹೊಡಿಯಪ್ಪ. ಅದರ ನೆವದಿಂದರ ಮಾತಾಡ್ಯಾರು" ಎಂದಳು. ಅವಳ ಧ್ವನಿ ಕೇಳಿ ನನಗೆ ಸಂಕಟವಾಯಿತು. ಕ್ಯಾಮೆರಾಕ್ಕೆ ಹಳೆಯ ಕಂಪನಿ ಬ್ಯಾಟರಿ ಹಾಕಿದೆ. ಅದು ಕೈಕೊಟ್ಟರೆ ಇರಲಿ ಎಂದು ಕಾಕಾನ ಅಂಗಡಿಯದನ್ನು ಗುಟ್ಟಾಗಿ ತಂದು ಕಿಸೆಯಲ್ಲಿಟ್ಟುಕೊಂಡೆ.

ಅಪ್ಪ ಬೀಗರ ಕಡೆ ನೋಡುತ್ತ ಟೋಪಿ ಇಟ್ಟ. ಕಾಕಾ ಮಂಟಪದ ಕಂಬ ನೋಡುತ್ತ ಇಡಿಸಿಕೊಂಡ. ನಾನು ಬಟನ್ ಒತ್ತಿದೆ. ಕ್ಯಾಮೆರಾ ಕುಂಯ್ ಎಂದು ಮೂತಿ ಒಳಗೆಳೆದುಕೊಂಡು ಆರಿಹೋಯಿತು.

"ಕಂಪನೀದಂತ, ಕಂಪನೀದು!" ಎಂದು ಕಾಕಾ ಗಾಳಿಗೆ ಹೇಳಿದ.

ಬೇರೆ ದಾರಿಯಿಲ್ಲದೆ ಕಿಸೆಯೊಳಗಿನದನ್ನು ತೆಗೆದು ಹಾಕಿದೆ. ಅದು ಅಳತೆಗಿಂತ ಒಂದು ಎಳೆಯಷ್ಟು ಹೆಚ್ಚು ದಪ್ಪ, ಮೇಲಿನ ಮುಚ್ಚಳ ಕೂಡಲೊಲ್ಲದು. ಅದು ಯಾರ ಮಾಲೆಂದು ಅಪ್ಪನಿಗೆ ತಿಳಿದುಹೋಯಿತು. "ಎಂಥಾದ್ ಮಾರಾಕತ್ತಾನ ನೋಡ್ರಿ!" ಎಂದು ಬೀಗರಿಗೆ ಹೇಳುತ್ತ ಕ್ಯಾಮೆರಾ ಕಸಿದುಕೊಂಡು ಹೆಬ್ಬೆರಳಿನಿಂದ ಒತ್ತತೊಡಗಿದ.

"ಅಣ್ಣಾ, ಹಂಗಲ್ಲ, ಮುರೀತದ! ಈ ಕಡಿಂದ ಒತ್ತು" ಎಂದು ಕಾಕಾ ಅಪ್ಪನ ಕೈ ಹಿಡಿದ.

"ನೀ ಮೊದಲ ಚೊಲೋ ಮಾಲ್ ಇಡು."

"ಮಾಲ್ ಚೊಲೋನೇ ಅದ. ನಿನ್ನ ಕೈ ಒರಟ."

ಇಬ್ಬರ ತಲೆಗಳೂ ಕ್ಯಾಮೆರಾದ ಮೇಲೆ ಬಾಗಿದ್ದವು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನನಗೆ "ಹೊಡಿ, ಹೊಡಿ" ಎಂದು ಸನ್ನೆ ಮಾಡುತ್ತಿದ್ದಳು. ಎಲ್ಲಿಂದ ಹೊಡೆಯಲಿ? ಕ್ಯಾಮೆರಾ ಅವರ ಕೈಯಲ್ಲೇ ಇತ್ತು. ಮದುವೆಯ ಆಲ್ಬಮ್ಮಿನಲ್ಲಿ ಆ ಫೋಟೋ ಇಲ್ಲ.

ವಾರದೊಳಗೆ ಅಪ್ಪ, "ಇದನ್ನ ಅವನ ಮಾರಿ ಮ್ಯಾಲ ಒಗದು ಬರ್ತೀನಿ" ಎಂದು ಬ್ಯಾಟರಿ ಹಿಡಿದುಕೊಂಡು ಹುಮನಾಬಾದಿನ ಬಸ್ಸು ಹತ್ತಿದ. ಸಂಜೆ ಮರಳಿದಾಗ ಕಾಕಾನ ಮನೆಯಲ್ಲಿ ಹೋಳಿಗೆ ಉಂಡ ಜೋಂಪು ಇನ್ನೂ ಇಳಿದಿರಲಿಲ್ಲ. ಕಿಸೆಯಲ್ಲಿ ಅದೇ ನಮೂನೆಯ ಹೊಸ ಬ್ಯಾಟರಿ ಇತ್ತು. ಕೆಲವು ತಿಂಗಳಿಗೆ ಅದು ಉಬ್ಬಿ ಕೆಟ್ಟುಹೋಯಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮತ್ತೆ ಜಗಳಕ್ಕೆ ಹೊರಟ. ಹೀಗೆ ಕೆಟ್ಟದ್ದನ್ನು ಕೊಟ್ಟು ಕೆಡುವಂಥದ್ದನ್ನು ತರುವುದು ನಡೆದೇ ಇತ್ತು.

ನನಗೆ ಸಾಕಾಗಿ ಹೋಯಿತು. ಹೈದರಾಬಾದಿಗೆ ಹೋದಾಗ ಕಂಪನಿಯ ಅಸಲಿ ಬ್ಯಾಟರಿಯನ್ನೇ ತಂದು ಅಪ್ಪನ ಕೈಗೆ ಕೊಟ್ಟೆ. ಅವನು ಅದನ್ನು ತಿರುವಿ ತಿರುವಿ ನೋಡಿದ.

"ಇದು ಎಷ್ಟ್ ದಿನ ಬಾಳ್ತದ?"

"ನಾಕೈದು ವರ್ಷ ಚಿಂತಿಲ್ಲಪ್ಪ."

ಅಪ್ಪನ ಮುಖ ಸಣ್ಣದಾಯಿತು. "ಅಲ್ಲೀತನಕ ನಾ ಏನಂತ ಹೇಳಿ ಹುಮನಾಬಾದಿಗೆ ಹೋಗ್ಲಿ?" ಎಂದ.