ಕಂಬಕ್ಕೆ ನೀರೆರೆದ ತಾಯವ್ವ

ಹುನಗುಂದ ತಾಲೂಕಿನ ನಮ್ಮೂರಲ್ಲಿ ಹಳೇ ಗುಡಿಗಳಿಗೆ ದೇವರ ಹೆಸರಿಲ್ಲ, ಅವುಗಳಲ್ಲಿ ವಾಸವಿದ್ದವರ ಹೆಸರಿದೆ. ದೇವರಿಲ್ಲದ ಗುಡಿಯಲ್ಲಿ ಯಾರೋ ಎಂದೋ ಒಲೆ ಹೂಡಿದರು, ದನ ಕಟ್ಟಿದರು, ಹೆಸರು ಅವರದೇ ಉಳಿಯಿತು. ನಮ್ಮ ಓಣಿಯ ತುದಿಗಿರುವುದು ಚಂದಪ್ಪನ ಗುಡಿ. ಚಂದಪ್ಪ ಎಂದರೆ ತಾಯವ್ವನ ಗಂಡನ ಅಜ್ಜ. ಅವನ ಕಾಲಕ್ಕೆ ಸಂಸಾರವೆಲ್ಲ ಗುಡಿಯೊಳಗೇ ಇತ್ತಂತೆ. ಆಮೇಲೆ ಎದುರಿಗೇ ಮನೆ ಕಟ್ಟಿಕೊಂಡು ಹೊರಬಂದರು. ಬಚ್ಚಲು ಮಾತ್ರ ಗುಡಿಯ ಪಡಸಾಲೆಯಲ್ಲೇ ಉಳಿಯಿತು.

ಆ ಬಚ್ಚಲು ತಾಯವ್ವನ ಕೆಲಸದ ಜಾಗ. ಊರ ಕೂಸುಗಳಿಗೆ ಎಣ್ಣೆ ತಿಕ್ಕಿ ಎರೆಯುವಾಕೆ ಅವಳು. ಅವಳಿಗಿಂತ ಮುಂಚೆ ಅವಳ ಅತ್ತೆ ಎರೆಯುತ್ತಿದ್ದಳು. ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ, ಔಡಲೆಣ್ಣೆ ಹಚ್ಚಿ, ಕಡ್ಲಿಹಿಟ್ಟಿನಿಂದ ತೆಗೆದು, ಹಂಡೆಯ ಬಿಸಿನೀರು ಸುರಿಯುವುದು. ಕೊನೆಗೆ ಕೈಗಂಟಿದ ಎಣ್ಣೆಯನ್ನು ಪಕ್ಕದ ಕಂಬದಲ್ಲಿ ಕೆತ್ತಿದ ಮೂರ್ತಿಗೆ ಒರೆಸಿ, “ಇದರಂಗ ಗಟ್ಟಿ ಆಗ್ಲಿ” ಅನ್ನುವುದು. ಎಷ್ಟು ಕೂಸುಗಳ ಎಣ್ಣೆಯೋ, ಮೂರ್ತಿಗೆ ಕಣ್ಣು ಮೂಗು ಕಾಣದಂತೆ ಕರೀ ಮೇಣ ಕಟ್ಟಿತ್ತು. ಊರವರು ಅದನ್ನು ಎಣ್ಣೆವ್ವ ಎನ್ನುತ್ತಿದ್ದರು.

ನಾನು ಹುಬ್ಬಳ್ಳಿಯಲ್ಲಿ ಓದಿದವಳು. ತವರಿನಲ್ಲಿ ಹಡೆದು, ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಬಂದ ಮರುದಿನವೇ ಅತ್ತೆ ನನ್ನನ್ನು ಆ ಪಡಸಾಲೆಗೆ ಕರೆದೊಯ್ದರು. ಮೇಲೆ ಬಿರುಕು ಬಿಟ್ಟ ಹಾಸುಗಲ್ಲು, ಗೋಡೆಯ ಸಂದುಗಳಲ್ಲಿ ಚೇಳು ಇದ್ದೇ ಇರುತ್ತದೆ, ಹಂಡೆ ಕುದಿಯುತ್ತಿದೆ, ಕೂಸಿನ ನೆತ್ತಿ ಇನ್ನೂ ಮೆತ್ತಗಿದೆ. ಕಿವಿಗೆ ನೀರು ಹೋದರೆ?

“ಅಂಜಬ್ಯಾಡ ಯವ್ವಾ, ನಿನ್ನ ಗಂಡನ ನೆತ್ತೀನೂ ನಾನ ಒತ್ತಿದ್ದು,” ಎಂದಳು ತಾಯವ್ವ. “ಹಿಂದ ಸ್ವಲ್ಪ ಚಪ್ಪಟಿ ಆಗೇತಿ ಖರೆ. ಆದ್ರ ನೌಕರಿ ಹತ್ತಿತಲ್ಲ?”

ಕೂಸು ಅಳಲಿಲ್ಲ. ಲೋಬಾನದ ಹೊಗೆ ಹಾಕುವ ಹೊತ್ತಿಗೆ ನಿದ್ದೆ ಹೋಗಿತ್ತು. ನಾನು ಮನೆಗೆ ಬಂದು ಅದರ ಕಿವಿಯನ್ನು ಮೂರು ಸಲ ನೋಡಿದೆ.

ಆ ಚಳಿಗಾಲದಲ್ಲಿ ಪುರಾತತ್ವ ಇಲಾಖೆಯಿಂದ ಗುಡಿಯನ್ನು ಸಂರಕ್ಷಿಸುವ ಕೆಲಸ ಶುರುವಾಯಿತು. ಮೈಸೂರು ಕಡೆಯ ರಾಧಿಕಾ ಎಂಬ ಹುಡುಗಿ ಕೆಲಸದ ಮೇಲ್ವಿಚಾರಣೆಗೆ ಬಂದಳು. ನಮ್ಮ ಓಣಿಯ ಹುಸೇನಸಾಬ ಕಾವಲುಗಾರನಾದ. ಪಡಸಾಲೆಗೆ ಮರೆ ಕಟ್ಟಿದ ಪತ್ರಾಸಿನ ತಗಡು, ಒಲೆ, ಬಚ್ಚಲು ಎಲ್ಲ ಹೋಗಬೇಕೆಂದು ರಾಧಿಕಾ ತಾಯವ್ವನಿಗೆ ಹೇಳಿದಳು.

“ಎಣ್ಣೆ ಕಲ್ಲಿನೊಳಗೆ ಇಳಿಯುತ್ತೆ ಅಜ್ಜಿ. ಧೂಳು ಹಿಡಿಯುತ್ತೆ. ಕೆತ್ತನೆ ಎಲ್ಲ ಮುಚ್ಚಿಹೋಗಿದೆ ನೋಡಿ.”

“ಬಾಯಾರ, ಅದು ಮುಚ್ಚಿಲ್ಲ, ತುಂಬೇತಿ. ಊರ ಮಂದಿ ಎಲ್ಲಾ ಅದರಾಗ ಅದಾರ.”

ಹುಸೇನಸಾಬ ನಡುವೆ ಬಾಯಿ ಹಾಕಿದ. “ಆಯಿ, ಕಾಯ್ದೆ ಐತಿ. ನಾವೇನ್ ಮಾಡಾಕ ಬರ್ತೈತಿ?”

“ನಿನ್ನ ಕುಂಡಿ ತೊಳದಾಕಿ ನಮ್ಮತ್ತಿ. ನೀ ನನಗ ಕಾಯ್ದೆ ಹೇಳ್ತೀಯೇನಲೇ?”

ಅವಳ ಸಿಟ್ಟಿನ ಹಿಂದೆ ಒಂದೇ ಚಿಂತೆ ಇತ್ತು. ನನ್ನ ಕೂಸಿಗೆ ಎರೆಯುವಾಗ ಅದನ್ನು ನನ್ನ ಮುಂದೆ ಹೇಳಿದಳು. “ಮಂದಿ ಕೂಸು ತರೂದು ನನ್ನ ಕೈಗೋ, ಈ ಕಂಬಕ್ಕೋ? ಇಷ್ಟು ವರ್ಷ ಆತು, ನನಗ ಗೊತ್ತಿಲ್ಲವ್ವಾ. ಕಂಬ ಬಿಟ್ರ ಒಂದು ಕೂಸೂ ಬರಂಗಿಲ್ಲ ಅಂದ್ರ?”

ಬಚ್ಚಲು ಇರಲಿ ಎಂದು ಅವಳು ಮತ್ತೆ ಮತ್ತೆ ಕೇಳಿದಾಗ ರಾಧಿಕಾ, “ಮೊದಲು ಕಂಬ ಸ್ವಚ್ಛ ಆಗಲಿ ಅಜ್ಜಿ, ಆಮೇಲೆ ಮಾತಾಡೋಣ,” ಎಂದಳು. ಅದು ಸುಮ್ಮನೆ ಸಮಾಧಾನಕ್ಕೆ ಹೇಳಿದ ಮಾತು. ತಾಯವ್ವ ಅದನ್ನು ಕರಾರೆಂದು ಹಿಡಿದಳು.

ಕೆಲಸ ನಿಧಾನದ್ದು. ಕಾಗದದ ತಿರುಳು ಮತ್ತು ಹಸೀ ಜೇಡಿಮಣ್ಣು ಕಲಸಿ ಮೂರ್ತಿಗೆ ಮೆತ್ತುವುದು, ಒಣಗಿದ ಮೇಲೆ ತೆಗೆಯುವುದು. ಅದರ ಜೊತೆ ಒಂದಿಷ್ಟು ಎಣ್ಣೆ ಬರುತ್ತದೆ. ಮತ್ತೆ ಮೆತ್ತುವುದು. ತಾಯವ್ವ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

“ಕಡ್ಲಿಹಿಟ್ಟು ಹಚ್ಚಿದಂಗ ಐತಿ. ಇವ್ರೂ ಎರೀತಾರ. ಆದ್ರ ಕೈ ಭಾಳ ಸಾವಕಾಶ.”

ಒಂದು ದಿನ ರಾಧಿಕಾ ಮೀಟಿಂಗಿಗೆಂದು ಬಾಗಲಕೋಟೆಗೆ ಹೋಗಿದ್ದಳು. ನಾನು ಕೂಸನ್ನು ಎತ್ತಿಕೊಂಡು ಹೋದರೆ ಹಂಡೆ ಕುದಿಯುತ್ತಿತ್ತು, ಆದರೆ ತಾಯವ್ವ ಕಾಲು ಚಾಚಿ ಕೂತಿರಲಿಲ್ಲ. ಕಚ್ಚೆ ಹಾಕಿ, ಕಂಬದ ಮುಂದೆ ನಿಂತು, ಸೀಗೆಕಾಯಿ ನೆನೆಹಾಕಿದ ನೀರಲ್ಲಿ ತೆಂಗಿನ ನಾರು ಅದ್ದಿ ಎಣ್ಣೆವ್ವನ ಮೈ ತಿಕ್ಕುತ್ತಿದ್ದಳು. ಕಡ್ಲಿಹಿಟ್ಟು ಕಲ್ಲಿನ ಮೇಲೆ ಗಂಜಿಯಂತೆ ಇಳಿಯುತ್ತಿತ್ತು.

“ಆಯಿ, ಏನ್ ನಡಸೀದಿ?” ಎಂದು ಹುಸೇನಸಾಬ ಓಡಿ ಬಂದ.

“ಬಾಯಾರ ಕೆಲಸ ಹಗುರ ಮಾಡಾಕತ್ತೇನಿ. ಕಂಬ ಚೊಕ್ಕ ಆದ್ರ ಬಚ್ಚಲ ಉಳೀತೈತಿ. ತಂಬಿಗಿ ಹಿಡಿ, ನೀರ ಹಾಕು.”

ಅವನು ಕಾವಲುಗಾರ. ಆದರೆ ಆ ಬಚ್ಚಲಲ್ಲೇ ಎರೆಸಿಕೊಂಡ ಕೂಸು. ಆಚೀಚೆ ನೋಡಿ ತಂಬಿಗೆ ಹಿಡಿದ.

ಕುದಿನೀರು ಬಿದ್ದಂತೆ ಕಪ್ಪು ಕರಗಿ ಕೆಂಪು ಕಲ್ಲು ಕಂಡಿತು. ಅಗಲವಾದ ಎದೆ, ಆಮೇಲೆ ಕೈಯಲ್ಲೊಂದು ಗದೆ.

“ಅಯ್ಯ ನನ್ನ ಶಿವನ, ಗಂಡ್ಸು!” ಎಂದು ತಾಯವ್ವ ನಾರು ಹಿಡಿದೇ ನಕ್ಕಳು. “ಗಂಡ ಸತ್ತ ಮ್ಯಾಲೆ ದಿನಾ ಯಾವನಿಗೋ ಎಣ್ಣಿ ಹಚ್ಚೇನಿ ನೋಡು!”

ನಾನೂ ನಕ್ಕೆ. ಅವಳು ಮುಖಕ್ಕೆ ಇನ್ನೊಂದು ತಂಬಿಗೆ ನೀರು ಹಾಕಿಸಿ, ಕೂಸಿನ ಮುಖ ಒರೆಸುವ ಹಾಗೆ ಮೇಲಿನಿಂದ ಕೆಳಕ್ಕೆ ಎಳೆದಳು. ಹಪ್ಪಳದಷ್ಟು ತೆಳ್ಳನೆಯ ಕಲ್ಲಿನ ಪದರು ಕೈಗೆ ಬಂತು. ಮೂಗು, ಅದರ ಕೆಳಗಿನ ತುಟಿ.

ನಾನು ಕೂಸನ್ನು ಎದೆಗೆ ಒತ್ತಿಕೊಂಡೆ, ಯಾಕೆಂದು ತಿಳಿಯದು.

ಹುಸೇನಸಾಬನೇ ಮೊದಲು ಬಾಯಿ ತೆರೆದ. “ಅಂಟು ತರ್ತೇನಿ. ಅಲ್ಲೇ ಕುಂದ್ರಸೂಣು. ಯಾರಿಗೂ ಗೊತ್ತಾಗಂಗಿಲ್ಲ.”

“ಕೂಸಿಗೆ ಗಾಯ ಆದ್ರ ಹಡದಾಕಿಗೆ ಹೇಳದ ಇರ್ತೇನೇನು?” ತಾಯವ್ವ ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಮರುದಿನ ರಾಧಿಕಾ ಬಂದ ಕೂಡಲೇ ಆ ಗಂಟು ಬಿಚ್ಚಿದಳು. “ನಾ ಎರದೆ ಬಾಯಾರ. ನೀರು ಬಿಸಿ ಆತು.” ರಾಧಿಕಾ ಕಂಬದ ಹತ್ತಿರ ಹೋಗಿ, ಕಲ್ಲು ಎದ್ದ ಜಾಗವನ್ನು ನೋಡಿದಳು. ಚೂರನ್ನು ಹತ್ತಿಯಲ್ಲಿಟ್ಟು ಸಣ್ಣ ಡಬ್ಬಿಗೆ ಹಾಕಿದಳು.

“ನೀವೇ ಬಂದು ಹೇಳಿದ್ರಿ. ದೂರು ಕೊಡಬೇಡಿ ಅಂತ ಮೇಲಿನವರಿಗೆ ಹೇಳ್ತೀನಿ. ಆದರೆ ಬಚ್ಚಲು ಈ ವಾರವೇ ಹೋಗುತ್ತೆ.”

“ಕಂಬ ಚೊಕ್ಕ ಆದ ಮ್ಯಾಲೆ ಮಾತಾಡೂಣು ಅಂದಿದ್ರಿ?”

“ಮಾತಾಡಿದ್ವಲ್ಲ ಅಜ್ಜಿ, ಈಗ.”

ಬಚ್ಚಲು ಹೋಯಿತು. ಕಂಬಗಳ ಮುಂದೆ ಕಬ್ಬಿಣದ ಬೇಲಿ ಬಂತು. ತಾಯವ್ವ ತನ್ನ ಮನೆಯ ಹಿತ್ತಲಲ್ಲಿ ಹಾಸುಗಲ್ಲು ಹಾಕಿಸಿ, ಬಾಗಿಲಿಗೆ ಬೇವಿನ ಕಟ್ಟಿಗೆಯ ಚೌಕಟ್ಟು ನಿಲ್ಲಿಸಿ, ಹಂಡೆ ಹೂಡಿ ಕೂತಳು. ಒಂದು ಕೂಸೂ ಬರಲಿಲ್ಲ. ಸ್ವಂತ ಹಿತ್ತಲಲ್ಲಿ ನೀರು ಕಾಯಿಸಿ, ಆರಿಸಿ, ಮತ್ತೆ ಕಾಯಿಸುತ್ತಿದ್ದಳು. ಆ ಹೊಗೆ ನಮ್ಮ ಅಡುಗೆಮನೆಯ ಕಿಟಕಿಗೆ ಬರುತ್ತಿತ್ತು.

“ಕಂಬ ಇಲ್ದ ಏನ್ ಎರಿಯೂದು? ನಾನ ಎರೀತೇನಿ,” ಎಂದರು ನಮ್ಮ ಅತ್ತೆ. ಅವರ ಕಾಲ ಮೇಲೆ ಕೂಸು ಉಸಿರು ಕಟ್ಟುವಂತೆ ಅತ್ತಿತು. ಎರಡನೇ ದಿನವೂ ಅತ್ತಿತು. ಮೂರನೇ ದಿನ ತುಟಿ ನೀಲಿಯಾದಂತೆ ಕಂಡಿತು. ಅತ್ತೆ ಇಲ್ಲ ಎಂದರು, ನನಗೆ ಕಂಡಿತು. ಒದ್ದೆ ಕೂಸನ್ನೇ ಟವಲಿನಲ್ಲಿ ಸುತ್ತಿಕೊಂಡು ತಾಯವ್ವನ ಹಿತ್ತಲಿಗೆ ನಡೆದೆ.

ಅವಳು ಏನೂ ಕೇಳಲಿಲ್ಲ. ಕಾಲು ಚಾಚಿದಳು. ಎಣ್ಣೆ, ಹಿಟ್ಟು, ನೀರು. ಕೂಸು ಬೇವಿನ ಗಿಡದ ಎಲೆ ನೋಡುತ್ತ ಸುಮ್ಮನೆ ಮಲಗಿತ್ತು. ನೀರು ಬಿಸಿಯಾಯಿತೇ ಎಂದು ನಾನು ಎರಡು ಸಲ ಕೇಳಿದೆ. ಮುಗಿದ ಮೇಲೆ ಅವಳ ಬಲಗೈ ತಾನಾಗಿಯೇ ಪಕ್ಕಕ್ಕೆ ಚಾಚಿತು. ಅಲ್ಲಿ ಏನೂ ಇರಲಿಲ್ಲ. ಕೈ ಹಾಗೇ ನಿಂತಿತು. ಆಮೇಲೆ ಎದ್ದು ಬಂದು ಹೊಸ ಚೌಕಟ್ಟಿಗೆ ಒರೆಸಿದಳು.

“ಇದರಂಗ ಗಟ್ಟಿ...” ಎಂದವಳು ಕಟ್ಟಿಗೆಯನ್ನು ಮೇಲೆ ಕೆಳಗೆ ನೋಡಿದಳು. “ಗೆದ್ದಲ ಹತ್ತದಂಗ ಇರ್ಲಿ ಕೂಸು.”

ನನ್ನ ಹಿಂದೆ ಹುಸೇನಸಾಬನ ಸೊಸೆ ಬಂದಳು, ಆಮೇಲೆ ಕೆಳಗಿನ ಓಣಿಯ ರತ್ನವ್ವನ ಮಗಳು. ಎಲ್ಲರೂ ಬರುವುದಿಲ್ಲ. ಬರುವಷ್ಟು ಬರುತ್ತಾರೆ. ಚೌಕಟ್ಟಿನ ಬಲಬದಿ ಈಗ ಅಂಗೈಯಗಲ ಕಪ್ಪಾಗಿದೆ.

ಮೊನ್ನೆ ಮೊಮ್ಮಗಳನ್ನು ಒಯ್ಯಲು ಬಂದ ಹುಸೇನಸಾಬ ಅದನ್ನು ನೋಡಿದ. “ಆಯಿ, ಹುಷಾರ. ನಾಳಿಗೆ ಇದಕ್ಕೂ ಬೇಲಿ ಹಾಕಾಕ ಬಂದಾರು.”

“ಬರ್ಲಿ,” ಎಂದಳು ತಾಯವ್ವ, ಕೂಸಿನ ನೆತ್ತಿಗೆ ಎಣ್ಣೆ ಒತ್ತುತ್ತ. “ಗೆದ್ದಲ ಆದ್ರೂ ದೂರ ಇದ್ದಾವು.”