ದೇವರಮನೆಯ ಬಾಗಿಲು

ಗೊಟ್ಟಿಗೆರೆಯ ಹೊಸ ಹೋಟೆಲಿನಲ್ಲಿ ಕೈತೊಳೆಯಲು ಎದ್ದವಳು ಹೆಂಗಸರ ಟಾಯ್ಲೆಟ್ಟಿನ ಮುಂದೆ ನಿಂತುಬಿಟ್ಟೆ. ಅದಕ್ಕೆ ಹಾಕಿದ್ದು ಜಯನಗರದ ನಮ್ಮ ಹಳೇ ಮನೆಯ ದೇವರಮನೆಯ ಬಾಗಿಲು! ಸಾಲು ಗಂಟೆಗಳಲ್ಲಿ ಒಂದು ಬಿದ್ದುಹೋದಾಗ ಅತ್ತೆ ಕಟ್ಟಿದ್ದ ಕರುವಿನ ಗಂಟೆಯೂ ಹಾಗೇ ಇತ್ತು. ಮನೆ ಕೆಡವಿ ಫ್ಲಾಟು ಕಟ್ಟಿದ ಬಿಲ್ಡರ್, ಆ ಬಾಗಿಲು ಗೆದ್ದಲು ಹಿಡಿದು ಸೌದೆಗೆ ಹೋಯಿತೆಂದಿದ್ದ.

ನಾನು ನೋಡುತ್ತಿದ್ದುದನ್ನು ಕಂಡು ಮ್ಯಾನೇಜರ್ ಹತ್ತಿರ ಬಂದ. "ಆಂಟಿಕ್ ಪೀಸ್ ಮೇಡಂ. ಬಾಗಿಲು ತೆಗೆದ್ರೆ ಸಾಕು, ಗಂಟೆ ಹೊಡ್ಕೊಳ್ಳತ್ತೆ. ಸಖತ್ತಾಗಿದೆ ಅಲ್ವಾ?"

ಟೇಬಲ್ಲಿಗೆ ಬಂದು ಕೂತೆ. ಅಷ್ಟರಲ್ಲಿ ಯಾರೋ ಟಾಯ್ಲೆಟ್ಟಿಗೆ ಹೋದರು. ಗಂಟೆಗಳು ಸದ್ದು ಮಾಡಿದವು. ಎದುರಿಗೆ ಕೂತಿದ್ದ, ಕಣ್ಣು ಮಂಜಾದ ಅತ್ತೆ ಕೈಮುಗಿದರು. "ಇಲ್ಲೇ ಎಲ್ಲೋ ಮಂಗಳಾರತಿ ಆಗ್ತಿದೆ ಕಣಮ್ಮ."

ಊಟ ಮುಗಿಯುವವರೆಗೂ ಅವರು ಮತ್ತೆ ಮತ್ತೆ ತಲೆಬಾಗುತ್ತಲೇ ಇದ್ದರು. ಅಂದಿನಿಂದ ಮನೆಯ ಪೂಜೆಯಲ್ಲಿ ನಾನು ಗಂಟೆ ಬಾರಿಸಿಲ್ಲ.