ಸೊಪ್ಪು ಬಿಟ್ಟ ಹನ್ನೆರಡು ದಿನ

ಅತ್ತೆಯ ಎದೆಯಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಸ್ಟೀಲ್ ಲೋಟದ ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿದಂತೆ, ಒಂದೇ ಸಮನೆ. ಫ್ಯಾನು ನಿಂತಾಗ, ತೀರ ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳಿಸುತ್ತಿತ್ತು. ಹೊಸ ನೆಂಟರು ತಮ್ಮ ಕೈಗಡಿಯಾರ ನೋಡಿಕೊಂಡರೆ, "ನನ್ದೇ ಅದು, ನಿಮ್ದಲ್ಲ" ಎಂದು ಸೆರಗು ಸರಿಮಾಡಿಕೊಳ್ಳುವಳು.

ಅವಳು ನನ್ನ ತಂದೆಯ ಅಕ್ಕ. ಚಿಕ್ಕಂದಿನಲ್ಲಿ ಕೀಲುಗಳಿಗೆ ಬಂದ ಜ್ವರ ಹೃದಯದ ಒಂದು ಕವಾಟವನ್ನು ಕೆಡಿಸಿತ್ತು. ಐವತ್ತರ ಹೊತ್ತಿಗೆ ಅದನ್ನು ತೆಗೆದು ಲೋಹದ್ದನ್ನು ಕೂರಿಸಿದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಬದುಕಿರುವವರೆಗೂ ದಿನಾ ಸಂಜೆ ಒಂದು ಮಾತ್ರೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ರಕ್ತ ಅತಿಯಾಗಿ ತೆಳ್ಳಗಾದರೆ ಒಳಗೆಲ್ಲೋ ಸೋರುತ್ತದೆ, ಗಟ್ಟಿಯಾದರೆ ಕವಾಟ ಕಚ್ಚಿಕೊಳ್ಳುತ್ತದೆ. ಅವಳ ಪರೀಕ್ಷೆಯ ಅಂಕಿ ಎರಡೂವರೆಗೂ ಮೂರೂವರೆಗೂ ನಡುವೆ ಇರಬೇಕೆಂದು ಡಾಕ್ಟರು ಹೇಳಿದ್ದರು. ನಾನು ಕೋಲಾರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ಶ್ರೀನಿವಾಸಪುರದ ಕಡೆಯ ನಮ್ಮ ಹಳ್ಳಿಯಿಂದ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ನನ್ನ ಕೆಲಸವಾಯಿತು. ಹೋದವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಅತ್ತೆಯಷ್ಟು ನನ್ನ ತಾಳ್ಮೆ ಕೆಡಿಸಿದವರು ಇನ್ನೊಬ್ಬರಿಲ್ಲ ಎಂದು ಮೊದಲು ಬರೆದುಬಿಡುತ್ತೇನೆ.

ರೇಷ್ಮೆ ಹುಳು ಸಾಕುವುದರಲ್ಲಿ ಅವಳನ್ನು ಮೀರಿಸುವವರು ನಮ್ಮೂರಿನಲ್ಲಿರಲಿಲ್ಲ. ಒದ್ದೆ ಸೊಪ್ಪು ಹಾಕಬಾರದು, ಚಪ್ಪಲಿ ಮೆಟ್ಟಿ ಒಳಗೆ ಬರಬಾರದು, ಸೊಪ್ಪು ಹಾಕುವ ಹೊತ್ತು ಹತ್ತು ನಿಮಿಷ ತಪ್ಪಬಾರದು. ತಪ್ಪಿದರೆ ಮನೆಮಂದಿಯೆಲ್ಲ ಬೈಸಿಕೊಳ್ಳಬೇಕು. ಅದೇ ಹೆಂಗಸು ತನ್ನ ಮಾತ್ರೆಯನ್ನು ಮರೆಯುವಳು. ನೆನಪಾದರೆ ಮಾರನೇ ದಿನ ಎರಡು ನುಂಗಲು ಹೊರಡುವಳು. ಕೈಯಿಂದ ಕಿತ್ತುಕೊಂಡರೆ, ಹಸಿದ ಹುಳಕ್ಕೆ ಒಂದು ಹಿಡಿ ಜಾಸ್ತಿ ಹಾಕಲ್ವಾ ಎಂದು ನನಗೇ ಪಾಠ ಹೇಳುವಳು.

ಪ್ರಶ್ನೆ ಕೇಳುವುದರಲ್ಲಿ ಮಾತ್ರ ಅವಳಿಗೆ ಸಂಕೋಚವಿರಲಿಲ್ಲ. ಮಾತ್ರೆ ಮರೆತರೆ ಏನು ಮಾಡಬೇಕು, ಮಂಡಿ ನೋವಿಗೆ ಅಂಗಡಿಯ ಮಾತ್ರೆ ನುಂಗಬಹುದೇ, ಹಲ್ಲು ಕೀಳಿಸಬಹುದೇ, ನಾಟಿ ಕಷಾಯ ಕುಡಿಯಬಹುದೇ. ಡಾಕ್ಟರು ಒಂದೊಂದಕ್ಕೂ ನಿಧಾನವಾಗಿ ಉತ್ತರ ಕೊಡುತ್ತಿದ್ದರು. ಅದೇ ದಿನ ನೆನಪಾದರೆ ತಗೊಳ್ಳಿ, ಇಲ್ಲವಾದರೆ ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ನುಂಗಬೇಡಿ. ನೋವಿನ ಮಾತ್ರೆಯಾಗಲಿ ಕಷಾಯವಾಗಲಿ ನನ್ನನ್ನು ಕೇಳದೆ ಬೇಡ. ಹಲ್ಲಿನ ಡಾಕ್ಟರಿಗೆ ಈ ಮಾತ್ರೆಯ ವಿಷಯ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಅತ್ತೆ ತಲೆಯಾಡಿಸುವಳು. ಹೊರಗೆ ಬಂದು ಅದೇ ಪ್ರಶ್ನೆಗಳನ್ನು ಔಷಧಿ ಅಂಗಡಿಯವನಿಗೆ ಕೇಳುವಳು. ಅವನ ಉತ್ತರವೂ ಹಿಡಿಸದಿದ್ದರೆ ಬಸ್ಸಿನಲ್ಲಿ ಪಕ್ಕ ಕೂತವಳಿಗೆ. ಊರಿನ ದಾರಿಯಲ್ಲಿ ವಡಗೂರು ದಾಟುವಷ್ಟರಲ್ಲಿ ತನಗೆ ಬೇಕಾದ ಉತ್ತರ ಎಲ್ಲಾದರೂ ಸಿಕ್ಕಿರುತ್ತಿತ್ತು. ನಾನು ಬಾಯಿ ತೆರೆದರೆ, "ಚಾಲ್ಲೇ", ಸಾಕು ಬಿಡು ಎಂದು ತೆಲುಗಿನಲ್ಲಿ ಮುಚ್ಚಿಸುವಳು. ಅವಳಿಗೆ ಸಿಟ್ಟು ಬಂದರೆ ಭಾಷೆ ಗಡಿ ದಾಟುತ್ತಿತ್ತು.

ತಾನು ತಿನ್ನುವ ಸೊಪ್ಪಿನ ಬಗ್ಗೆ ಅವಳು ಏನನ್ನೂ ಕೇಳಲಿಲ್ಲ. ಡಾಕ್ಟರೇ ಹೇಳಿದ್ದರು. ಸೊಪ್ಪು ಈ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ, ಹಾಗೆಂದು ಬಿಡಬೇಡಿ, ಪ್ರತಿ ವಾರ ಒಂದೇ ಅಳತೆಯಲ್ಲಿ ತಿನ್ನಿ, ಅದಕ್ಕೆ ತಕ್ಕಂತೆ ಮಾತ್ರೆ ಹೊಂದಿಸುತ್ತೇನೆ ಎಂದು. ಬೆರಕೆ ಸೊಪ್ಪಿನ ಸಾರಿಲ್ಲದೆ ಮುದ್ದೆ ಇಳಿಯದ ಅವಳಿಗೆ ಇದು ಸಂತೋಷದ ಸುದ್ದಿಯಾಗಬೇಕಿತ್ತು.

ಒಂದು ತಿಂಗಳು ಅಂಕಿ ಎರಡಕ್ಕೆ ಇಳಿಯಿತು. ಏನು ತಿಂದಿರಮ್ಮ, ಸೊಪ್ಪು ಜಾಸ್ತಿಯಾಯಿತೇ ಎಂದು ಡಾಕ್ಟರು ಕೇಳಿದರು. ಅವರು ಕೇಳಿದ್ದು ಪ್ರಶ್ನೆ, ಅತ್ತೆಗೆ ಕೇಳಿಸಿದ್ದು ಬೈಗುಳ. ಮುಂದಿನ ತಿಂಗಳು ಅಂಕಿ ನಾಲ್ಕು ದಾಟಿತು. ಊಟದಲ್ಲಿ ಏನಾದರೂ ಬದಲಾವಣೆಯಾಗಿದೆಯೇ ಎಂದು ಅವರು ಎರಡು ಸಲ ಕೇಳಿದರು. ಯಾವಾಗಲೂ ತಿನ್ನುವುದನ್ನೇ ತಿಂದೆ ಎಂದು ಅವಳು ಕಣ್ಣು ಮಿಟುಕಿಸದೆ ಹೇಳಿದಳು. ಅವರು ಮಾತ್ರೆ ಕಡಿಮೆ ಮಾಡಿದರು. ವಾರಕ್ಕೆ ಮೂರು ದಿನ ಅರ್ಧ ಸಾಕು, ಹತ್ತು ದಿನ ಬಿಟ್ಟು ಬನ್ನಿ ಎಂದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅಂದು ಸಂಜೆ ಮನೆಯಲ್ಲಿ ಬೆರಕೆ ಸೊಪ್ಪಿನ ಸಾರು. ಅಣ್ಣೆ, ಗೋಣಿ, ಚಕ್ಕೋತ, ಹೊಲದ ಬದುವಿನಲ್ಲಿ ಸಿಕ್ಕಿದ್ದೆಲ್ಲ. ಅತ್ತೆ ಮುದ್ದೆಯ ಸುತ್ತ ಮೂರು ಸಲ ಸಾರು ಬಡಿಸಿಕೊಂಡಳು. ಅಷ್ಟು ಹಸಿವೇ ಎಂದು ಕೇಳಿದೆ.

"ಹನ್ನೆರಡು ದಿನ ಆಗಿತ್ತು ಕಣೇ ಬಾಯಿಗೆ ಸೊಪ್ಪು ಬಿದ್ದು."

ಹನ್ನೆರಡು ದಿನ ಅವಳು ಹೊಟ್ಟೆ ಸರಿಯಿಲ್ಲವೆಂದು ಮಜ್ಜಿಗೆಯಲ್ಲಿ ಮುದ್ದೆ ತಿಂದದ್ದು ಆಗ ನೆನಪಾಯಿತು. ಅಂಕಿಗಳನ್ನು ದಶಾಂಶದವರೆಗೆ ಬರೆದಿಟ್ಟ ನಾನು ಅವಳ ತಟ್ಟೆಯನ್ನು ನೋಡಿರಲಿಲ್ಲ. ಯಾಕೆ ಬಿಟ್ಟೆ ಎಂದು ಕೇಳಿದ್ದಕ್ಕೆ, ಇಷ್ಟು ಓದಿದವಳಿಗೆ ಇದೂ ಗೊತ್ತಿಲ್ಲವೇ ಎಂಬಂತೆ ನೋಡಿದಳು.

"ಮಾರ್ಕೆಟ್ಟಿಗೆ ಹೋಗೋ ಮುಂಚೆ ಗೂಡು ಆರಿಸಲ್ವೇನೇ? ಕಲೆ ಬಿದ್ದಿದ್ದು, ಮೆತ್ತಗಿರೋದು ಎಲ್ಲಾ ತೆಗೆದಾಕಿ ಒಳ್ಳೇದನ್ನ ತಾನೇ ತಗೊಂಡ್ಹೋಗೋದು? ರಕ್ತಾನೂ ಹಂಗೇ. ಕೊಡೋ ಮುಂಚೆ ಚೊಕ್ಕ ಮಾಡ್ಕೊಂಡೆ."

"ಅತ್ತೆ, ಡಾಕ್ಟರು ನಿನ್ ರಕ್ತ ಕೊಂಡ್ಕೊಳ್ಳಲ್ಲ."

ನನ್ನ ದನಿ ಏರಿತ್ತು. ನಮ್ಮ ಮನೆಯಲ್ಲಿ ಅದು ಅಪರೂಪ. ಬರೀ ಚೊಕ್ಕ ಮಾಡಿದ ರಕ್ತ ನೋಡಿ ಅವರು ಮಾತ್ರೆ ಇಳಿಸಿದ್ದಾರೆ, ಇನ್ನು ನೀನು ಸೊಪ್ಪು ತಿನ್ನುತ್ತೀಯ, ಮಾತ್ರೆಯೂ ಕಡಿಮೆ, ಹತ್ತು ದಿನದಲ್ಲಿ ಕವಾಟ ಕಟ್ಟಿಕೊಂಡರೆ ಏನು ಮಾಡುವುದು ಎಂದು ಬಿಡಿಸಿ ಹೇಳಿದೆ. ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. ಅರ್ಥವಾಯಿತು ಎಂದುಕೊಂಡೆ. ಅವಳಿಗೆ ಚಿಂತೆ ಹತ್ತಿದ್ದು ಬೇರೆಯದಕ್ಕೆ.

"ಅವ್ರಿಗೆ ಹೇಳ್ಬೇಡ. ಈಯಮ್ಮನ್ನ ನೋಡಿ ಕಲೀರಿ ಅಂತ ಎಲ್ಲರ ಮುಂದೆ ಹೇಳ್ತಾರೆ ಆ ಡಾಕ್ಟ್ರು. ಸುಳ್ಳಿ ಅನ್ಸ್ಕೊಂಡು ಅಲ್ಲಿ ಹೆಂಗೆ ಕೂತ್ಕೊಳ್ಲಿ?" ಆಮೇಲೆ ದನಿ ತಗ್ಗಿಸಿ, "ನಿನ್ ಮಾತು ನಾನು ಯಾರಿಗಾದ್ರೂ ಹೇಳಿದೀನಾ?" ಎಂದಳು.

ಹೇಳಿರಲಿಲ್ಲ. ಎಂ.ಎಸ್ಸಿ.ಯಲ್ಲಿ ನಾನೊಂದು ವಿಷಯದಲ್ಲಿ ಫೇಲಾಗಿದ್ದೆ. ಅಪ್ಪನಿಗೆ ಹೇಳಲಾಗದೆ ಹುಳುವಿನ ಮನೆಯ ಮೂಲೆಯಲ್ಲಿ ಕೂತಿದ್ದಾಗ ಅತ್ತೆಗೆ ಗೊತ್ತಾಯಿತು. ಅವಳು ಸಮಾಧಾನ ಹೇಳಲಿಲ್ಲ, ಒಂದು ಬುಟ್ಟಿ ಸೊಪ್ಪನ್ನು ಮುಂದಿಟ್ಟು ಹಾಕು ಎಂದಳು. ಮತ್ತೆ ಬರೆದು ಪಾಸಾದೆ. ಮಗಳು ಒಂದೇ ಏಟಿಗೆ ಪಾಸಾದಳೆಂದು ಅಪ್ಪ ನೆಂಟರ ಮುಂದೆ ಹೇಳಿಕೊಳ್ಳುವಾಗಲೆಲ್ಲ ಅವಳು ಪಕ್ಕದಲ್ಲೇ ಎಲೆಅಡಿಕೆ ಅಗಿಯುತ್ತ ಗೋಡೆ ನೋಡುತ್ತಿದ್ದಳು. ಎಷ್ಟು ಜಗಳವಾದರೂ ಆ ಮಾತು ಅವಳ ಬಾಯಿಂದ ಬರಲಿಲ್ಲ. ಊರಿನ ಎಲ್ಲರ ಸುದ್ದಿಯನ್ನೂ ಹಂಚುತ್ತಿದ್ದ ಬಾಯಿ ಅದು.

ನಾನು ಉತ್ತರ ಕೊಡಲಿಲ್ಲ. ನನ್ನ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ನಮ್ಮ ಮನೆಯವರ ಅಭ್ಯಾಸ. ಅವಳು ಉಳಿದ ಸಾರು ಮುಗಿಸಿ ತಟ್ಟೆ ತೊಳೆಯಲು ಎದ್ದಳು.

ಮುಂದೆ ಆದದ್ದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅತ್ತೆ ಹದಿನೇಳು ದಿನ ನನ್ನೊಂದಿಗೆ ಮಾತು ಬಿಟ್ಟಳು. ಹದಿನೆಂಟನೆಯ ದಿನ ನಾನು ಕಾಲೇಜಿಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತು, ಮಾತ್ರೆ ನುಂಗಿದ ಮೇಲೆ ವೀಳ್ಯದೆಲೆ ಹಾಕಿಕೊಳ್ಳಬಹುದೇ ಎಂದು ಕೇಳಿದಳು. ರಾಜಿಯಾಯಿತೆಂದು ತಿಳಿದೆ. ಆಮೇಲೆ ಐದು ವರ್ಷ, ಒಂದೇ ಬಟ್ಟಲಿನಲ್ಲಿ ಅಳೆದು ಸೊಪ್ಪು ತಿಂದಳು, ಪ್ರತಿ ಬಟ್ಟಲಿಗೂ ನನ್ನನ್ನು ಬೈದಳು. ಹೋದ ವರ್ಷ ನ್ಯುಮೋನಿಯಾದಿಂದ ತೀರಿಕೊಂಡಳು. ಲೋಹದ ಕವಾಟ ಕೊನೆಯವರೆಗೂ ಸರಿಯಾಗಿತ್ತು ಎಂದರು. ಅವಳು ನನ್ನ ಮಾತನ್ನು ಕಾಪಾಡಿದಳು, ನಾನು ಅವಳದನ್ನು ಕಾಪಾಡಲಿಲ್ಲ. ಈ ಬಾಕಿ ನನ್ನ ಹತ್ತಿರವೇ ಉಳಿದಿದೆ.

ಸಾರು ಉಂಡ ಆ ಸಂಜೆಯ ಮಾರನೇ ಬೆಳಿಗ್ಗೆ ಅವಳು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಾಗ ಹತ್ತಿರ ಹೋಗಿ, ಆಸ್ಪತ್ರೆಗೆ ಹೋಗುತ್ತಿದ್ದೇನೆ, ಹೇಳಿಯೇ ಬರುತ್ತೇನೆ ಎಂದೆ. ಅವಳು ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡಳು. ಮೊದಲ ಬಸ್ಸು ಹಿಡಿದು ಕೋಲಾರದಲ್ಲಿಳಿದೆ, ಚೀಟಿ ಮಾಡಿಸಿ ಸಾಲಿನಲ್ಲಿ ಕೂತೆ. ನನ್ನ ಸರದಿ ಬಂದಾಗ ಡಾಕ್ಟರು ಬಾಗಿಲ ಕಡೆ ನೋಡಿ, ಅಮ್ಮ ಬರಲಿಲ್ಲವೇ ಎಂದು ಕೇಳಿದರು. ಬಾಗಿಲು ಹಾಕಿ, ಕುರ್ಚಿಯಲ್ಲಿ ಕೂತು, "ನಿನ್ನೆ ಅವರು ನಿಮಗೆ ಹೇಳಿದ್ದು ಸುಳ್ಳು" ಎಂದೆ.